ಮುಪ್ಪಿನಲ್ಲಿ ಮಣಿಗೆಲಸ



ವಯಸ್ಸಾದವರು ಏನಾದರೊಂದು ಕೈಕೆಲಸವನ್ನು ಹಿಡಿದು ಕುಳಿತರೆ, ನೋಡಿದವರು ಪ್ರೀತಿಯಿಂದಲೇ ಆಡುವ ಮಾತೊಂದುಂಟು: “ಹೊತ್ತು ಹೋಗುವುದಕ್ಕೆ ಒಳ್ಳೆಯದಾಯಿತು.” ಹಾಗೆನ್ನುವವರ ಮನಸ್ಸಿನಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರುವುದಿಲ್ಲವೆಂಬುದನ್ನು ನಾನು ಬಲ್ಲೆ, ಆದರೂ ಆ ಮಾತಿನೊಳಗೆ, ಮುದುಕರ ಹೊತ್ತಿಗೆ ಕಳೆದುಹೋಗುವುದೊಂದರ ಹೊರತು ಬೇರೆ ಗತಿಯಿಲ್ಲವೆಂಬ, ಅವರ ಕೈಯಿಂದ ಹೊರಡುವ ವಸ್ತುವು ಅವರ ಸಮಾಧಾನಕ್ಕೇ ಹೊರತು ಲೋಕಕ್ಕೆ ಬೇಕಾದುದಲ್ಲವೆಂಬ ತೀರ್ಪೊಂದು ಅಡಗಿದೆ. ಆ ತೀರ್ಪನ್ನು ನಾನು ಒಪ್ಪಲಾರೆ. ಬಾಲ್ಯದಲ್ಲಿ ಕಲಿತು, ಸಂಸಾರ ಮತ್ತು ಉದ್ಯೋಗಗಳ ನಡುವೆ ಕೈಬಿಟ್ಟು, ನಿವೃತ್ತಿಯ ಅನಂತರ ಮರಳಿ ಕೈಗೆತ್ತಿಕೊಂಡ ಮಣಿಗೆಲಸದ ವಿಷಯವಾಗಿ ಈ ಹೊತ್ತು ನಾನು ಮಾತನಾಡಲು ಒಪ್ಪಿದುದಕ್ಕೆ ಮುಖ್ಯ ಕಾರಣವೇ ಅದು.

ಮಣಿಗೆಲಸವೆಂದರೆ ಯಾವುದೆಂದು ಹಳೆಯ ಮನೆಗಳಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ನಡುಮನೆಯ ಬಾಗಿಲ ಮೇಲೆ ಗಿಳಿಗಳ ಸಾಲನ್ನೋ ಆನೆಗಳ ಸಾಲನ್ನೋ ಹೊತ್ತ ತೋರಣ, ವರಮಹಾಲಕ್ಷ್ಮಿಯ ಕಲಶದ ತೆಂಗಿನಕಾಯಿಗೆ ತೊಡಿಸುವ ಕವಚ, ಮೈತುಂಬ ಮಣಿ ಹೆಣೆದ ಕಾರಣದಿಂದಲೇ ಬೆಳ್ಳಿಯ ಪಾತ್ರೆಗಿಂತ ಹೆಚ್ಚು ಜೋಪಾನವಾಗಿ ಕಾಯಲ್ಪಡುತ್ತಿದ್ದ ಹಿತ್ತಾಳೆಯ ಚೆಂಬು, ಬೀಸಣಿಗೆಯ ಅಂಚು, ಪಗಡೆಯ ಹಾಸು, ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಮುಂದೆ ಇಡುವ ತೇರು, ತೊಟ್ಟಿಲು, ತುಲಸಿಯ ಕಟ್ಟೆ. ಮದುವೆಯ ಮನೆಯಲ್ಲಿ ಹೆಣ್ಣಿನ ಕಡೆಯವರು ಇವನ್ನೆಲ್ಲ ಜಮಖಾನದ ಮೇಲೆ ಹರಡಿ ಇಡುತ್ತಿದ್ದರು. ಬೀಗರ ಕಡೆಯ ಹಿರಿಯ ಹೆಂಗಸರು ಬಂದು ಒಂದೊಂದನ್ನೂ ಎತ್ತಿ, ಮಗುಚಿ ಹಿಡಿದು, ಹಿಂಬದಿಯ ಗಂಟನ್ನು ಬೆರಳ ತುದಿಯಿಂದ ತಡವಿ ನೋಡುತ್ತಿದ್ದರು. ಮುಂಬದಿಯ ಚೆಲುವನ್ನು ಯಾರಾದರೂ ಮೆಚ್ಚಬಹುದು. ದಾರ ಎಲ್ಲಿ ಮುಗಿಯಿತು, ಮುಂದಿನ ದಾರ ಎಲ್ಲಿ ಸೇರಿತು ಎಂಬುದು ಬೆರಳಿಗೂ ತಿಳಿಯದಂತೆ ಹೆಣೆದಿದ್ದರೆ ಮಾತ್ರ ಆ ಹಿರಿಯರ ತಲೆ ಅಲ್ಲಾಡುತ್ತಿತ್ತು. ಅಂಥ ನಿಷ್ಠುರವಾದ ವಿಮರ್ಶಕರು ನಮ್ಮ ಸಾಹಿತ್ಯಕ್ಕೂ ದೊರೆತದ್ದು ಅಪರೂಪವೆಂದು ನಾನು ಅನೇಕ ವೇಳೆ ಭಾವಿಸಿದ್ದೇನೆ.

ಈ ವಿದ್ಯೆ ನನಗೆ ಬಂದುದು ನನ್ನ ಅಜ್ಜಿಯಿಂದ. ಅದರ ಮೂಲಕ್ರಮವನ್ನು, ಕೈಯಿಂದ ತೋರಿಸಲಾಗದ ಈ ಬಾನುಲಿಯಲ್ಲಿ, ಮಾತಿನಿಂದಲೇ ಹೇಳಲು ಯತ್ನಿಸುತ್ತೇನೆ. ಒಂದು ದಾರ, ಅದರ ಎರಡು ತುದಿಗೂ ಒಂದೊಂದು ಸೂಜಿ. ದಾರದ ನಡುವೆ ನಾಲ್ಕು ಮಣಿಗಳನ್ನು ಪೋಣಿಸಿ, ನಾಲ್ಕನೆಯ ಮಣಿಯೊಳಗೆ ಎರಡನೆಯ ಸೂಜಿಯನ್ನು ಎದುರು ದಿಕ್ಕಿನಿಂದ ತೂರಿಸಿ, ಎರಡು ತುದಿಗಳನ್ನೂ ಸಮವಾಗಿ ಎಳೆದರೆ, ನಾಲ್ಕು ಮಣಿಗಳು ಕೂಡಿ ಚೌಕದ ಒಂದು ಕಣ್ಣಾಗುವುದು. ಮುಂದಿನ ಕಣ್ಣಿಗೆ ಮೂರೇ ಮಣಿ ಸಾಕು, ಏಕೆಂದರೆ ನಾಲ್ಕನೆಯದು ಹಿಂದಿನ ಕಣ್ಣಿನಿಂದಲೇ ಬಂದಿರುತ್ತದೆ. ಎರಡನೆಯ ಸಾಲಿನ ಮೊದಲ ಕಣ್ಣನ್ನು ದಾಟಿದ ಮೇಲಂತೂ, ಪಕ್ಕದ ಕಣ್ಣಿನದೊಂದು, ಕೆಳಗಣ ಸಾಲಿನದೊಂದು ಮೊದಲೇ ಸಿದ್ಧವಾಗಿರುವುದರಿಂದ, ಎರಡೇ ಮಣಿಗಳಿಂದ ಕೆಲಸ ಸಾಗುವುದು. ಇಷ್ಟೇ ಇದರ ವ್ಯಾಕರಣ. ಆನೆಯಾಗಲಿ, ಗಿಳಿಯಾಗಲಿ, ಎಂಟು ದಳದ ಕಮಲವಾಗಲಿ, ಇವೆಲ್ಲವೂ ಬಣ್ಣಗಳ ಎಣಿಕೆಯೊಂದರಿಂದಲೇ ಹುಟ್ಟಬೇಕಾದವು. ಅಜ್ಜಿ ಆ ಎಣಿಕೆಯನ್ನು ಎಲ್ಲಿಯೂ ಬರೆದಿಟ್ಟವರಲ್ಲ. “ಎರಡು ಬಿಳಿ, ಒಂದು ಕೆಂಪು, ಒಂದು ಬಿಳಿ, ಎರಡು ಕೆಂಪು, ಇನ್ನು ತಿರುಗು” ಎಂದು ತುಟಿಯಲ್ಲಿಯೇ ಹೇಳಿಕೊಳ್ಳುತ್ತ ಅವರು ಹೆಣೆಯುತ್ತಿದ್ದರು, ಎದುರಿಗೆ ಕುಳಿತ ನಾವು ಆ ದನಿಯನ್ನು ಹಿಡಿದುಕೊಂಡು ನಮ್ಮ ಸಾಲನ್ನು ಹೆಣೆಯುತ್ತಿದ್ದೆವು. ಹೀಗಾಗಿ ಆ ಮನೆಯ ಚಿತ್ರಗಳೆಲ್ಲ ನಮಗೆ ಮೊದಲು ಕಿವಿಯಿಂದ ಬಂದವು. ಅದು ಆನೆಯೆಂಬುದು ಕಣ್ಣಿಗೆ ತಿಳಿಯುತ್ತಿದ್ದುದು ಸೊಂಡಿಲು ಮೂಡಿದ ಮೇಲೆಯೇ.

ಮದುವೆ, ಮಕ್ಕಳು, ಶಾಲೆಯ ಉಪಾಧ್ಯಾಯಿನಿಯ ಕೆಲಸ, ಊರಿಂದೂರಿಗೆ ವರ್ಗಗಳು: ಈ ನಡುಗಾಲದ ಕಥೆ ಎಲ್ಲ ಮನೆಗಳಲ್ಲಿಯೂ ಒಂದೇ ಆದುದರಿಂದ ಅದನ್ನು ಬೆಳೆಸುವುದಿಲ್ಲ. ನನ್ನ ಮಣಿಯ ಡಬ್ಬಿ ನಮ್ಮ ಸಂಗಡ ಎಲ್ಲ ಊರುಗಳನ್ನೂ ಸುತ್ತಿತು. ತೆರೆಯಲ್ಪಟ್ಟಿದ್ದು ಮಾತ್ರ ಯಾರಾದರೊಬ್ಬರ ಕರಿಮಣಿ ಹರಿದಾಗಲೋ, ಮಗಳ ನೃತ್ಯದ ಉಡುಪಿಗೆ ನಾಲ್ಕು ಮಣಿ ಬೇಕಾದಾಗಲೋ.

ನಿವೃತ್ತಿಯಾದ ಮರುವರ್ಷ, ತವರಿನ ಹಳೆಯ ಮನೆಯನ್ನು ಖಾಲಿ ಮಾಡುವ ಸಂದರ್ಭದಲ್ಲಿ, ಅಟ್ಟದ ಮೇಲಣ ಪೆಟ್ಟಿಗೆಯಿಂದ ಅಜ್ಜಿಯ ತೋರಣವೊಂದನ್ನು ಎತ್ತಿದಾಗ, ಅದರ ಒಂದು ಪಾರ್ಶ್ವ ನನ್ನ ಕೈಯಲ್ಲಿಯೇ ಕಳಚಿ ನೆಲದ ಮೇಲೆ ಹರಡಿಹೋಯಿತು. ಗಾಜಿನ ಮಣಿಗೆ ಏನೂ ಆಗಿರಲಿಲ್ಲ. ಬಣ್ಣವು ಗಾಜಿನ ಮೈಯೊಳಗೇ ಬೆರೆತಿರುವುದರಿಂದ, ಕೋಬಾಲ್ಟ್‌ನಿಂದ ಬಂದ ಆ ನೀಲಿ, ಮ್ಯಾಂಗನೀಸಿನಿಂದ ಬಂದ ಆ ನೇರಳೆ, ಹೆಣೆದ ದಿನ ಹೇಗಿದ್ದವೋ ಹಾಗೆಯೇ ಇದ್ದವು. ಸತ್ತುಹೋಗಿದ್ದುದು ಹತ್ತಿಯ ದಾರ. ನೆಲದಿಂದ ಒಂದೊಂದು ಮಣಿಯನ್ನೂ ಆರಿಸಿ ಬಟ್ಟಲಿಗೆ ತುಂಬಿಕೊಂಡೆವು, ಒಂದೂ ಕಳೆಯಲಿಲ್ಲ, ಆದರೂ ಗಿಳಿ ಹೋಗಿತ್ತು. ಮಣಿಗೆಲಸದ ಚಿತ್ರವು ಮಣಿಯಲ್ಲಿಯೂ ಇಲ್ಲ, ದಾರದಲ್ಲಿಯೂ ಇಲ್ಲ, ಯಾವುದರ ಅನಂತರ ಯಾವುದು ಎಂಬ ಕ್ರಮದಲ್ಲಿ ಮಾತ್ರ ಇದೆ ಎಂಬುದು ನನ್ನ ಬುದ್ಧಿಗೆ ಸ್ಪಷ್ಟವಾಗಿ ಹೊಳೆದದ್ದು ಆ ಬಟ್ಟಲನ್ನು ನೋಡುತ್ತ ನಿಂತಾಗ. ಆ ಕ್ರಮ ಬಲ್ಲವರು ಯಾರು? ಅಜ್ಜಿ ಇಲ್ಲ, ತಾಯಿಯೂ ಇಲ್ಲ. ಆ ದನಿಯನ್ನು ಕೇಳಿದವರಲ್ಲಿ ಉಳಿದವಳು ನಾನೊಬ್ಬಳೇ.

ತೋರಣದ ಇನ್ನೊಂದು ಪಾರ್ಶ್ವ ಅಳಿಯದೆ ಉಳಿದಿತ್ತು. ಅದನ್ನು ಎದುರಿಗಿಟ್ಟುಕೊಂಡು, ಹೊಸ ದಾರಕ್ಕೆ ಸೂಜಿ ಪೋಣಿಸಿ ಕುಳಿತೆ. ಕೆಲವು ದಿನ, ಕಣ್ಣಿನಿಂದ ನೋಡಿ ನೋಡಿ ಹೆಣೆಯಹೊರಟರೆ ಕೈ ಮುಂದೆ ಸಾಗಲಿಲ್ಲ. ಒಂದು ಮುಂಜಾನೆ, ನನಗರಿವಿಲ್ಲದೆಯೇ, “ಎರಡು ಬಿಳಿ, ಒಂದು ಕೆಂಪು” ಎಂದು ತುಟಿ ಅಲುಗಿತು. ಅಲ್ಲಿಂದ ಮುಂದೆ ಗಿಳಿಯ ಕೊಕ್ಕಿನವರೆಗೆ ಕೈ ನಿಲ್ಲಲಿಲ್ಲ. ದೀರ್ಘಕಾಲದ ಅನಂತರ ಮರಳಿ ಬರುವ ಆಸಕ್ತಿಯ ವಿಚಾರವಾಗಿ ಜನ ನಾನಾ ವಿಧವಾಗಿ ಹೇಳುವರು. ನನ್ನ ಮಟ್ಟಿಗೆ ಅದು ಮರಳಿ ಬಂದುದು ಧ್ವನಿಯಾಗಿ.

ಮುಪ್ಪಿನ ಕೈಗೂ ಯೌವನದ ಕೈಗೂ ವ್ಯತ್ಯಾಸವಿಲ್ಲವೆಂದು ನಾನು ಹೇಳುವುದಿಲ್ಲ. ಕಣ್ಣಿನೊಳಗಣ ಮಸೂರವು ವಯಸ್ಸಿನೊಡನೆ ಗಡಸಾಗುತ್ತ, ಹತ್ತಿರದ ವಸ್ತುವಿಗೆ ತಕ್ಕಂತೆ ತನ್ನ ಆಕಾರವನ್ನು ಹೊಂದಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುವುದು. ಚಾಳೀಸಿನ ಕನ್ನಡಕ ಬರುವುದು ಅದಕ್ಕಾಗಿಯೇ. ಅದೇ ಮಸೂರ ನಿಧಾನವಾಗಿ ಹಳದಿಗೆ ತಿರುಗುವುದರಿಂದ, ದೀಪದ ಬೆಳಕಿನಲ್ಲಿ ಗಾಢ ನೀಲಿಗೂ ಕಪ್ಪಿಗೂ ಭೇದ ತಿಳಿಯುವುದು ಕಷ್ಟವಾಗುವುದು. ಪಾಪೆಯೂ ಕಿರಿದಾಗುವುದರಿಂದ ಒಳಹೋಗುವ ಬೆಳಕೇ ಕಡಮೆ. ಇವು ನಿಸರ್ಗದ ನಿಯಮಗಳು. ಇವಕ್ಕೆ ಉಪಾಯಗಳೂ ಉಂಟು. ಬಣ್ಣ ಆರಿಸುವ ಕೆಲಸವನ್ನೆಲ್ಲ ಬೆಳಗಿನ ಹಗಲು ಬೆಳಕಿನಲ್ಲಿ ಮುಗಿಸಿ, ನೀಲಿಯನ್ನೂ ಕಪ್ಪನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕಿಡುತ್ತೇನೆ. ಮಣಿಗಳು ಉರುಳಿಹೋಗದಂತೆ ತಟ್ಟೆಯಲ್ಲಿ ತಿಳಿಬಣ್ಣದ ಮಕಮಲ್ಲಿನ ತುಂಡೊಂದನ್ನು ಹಾಸುತ್ತೇನೆ. ಮಣಿಗಳ ಅಳತೆಯಲ್ಲಿ ಸಂಖ್ಯೆ ಹೆಚ್ಚಿದಂತೆ ಮಣಿ ಕಿರಿದಾಗುವುದು: 11ನೆಯ ನಂಬರಿನದು ಸುಮಾರು 2 ಮಿ.ಮೀ., 8ನೆಯದು ಸುಮಾರು 3 ಮಿ.ಮೀ. ಈ ಒಂದೇ ಮಿಲಿಮೀಟರಿನಲ್ಲಿ ಅರುವತ್ತು ದಾಟಿದ ಕಣ್ಣಿಗೆ ಎಷ್ಟು ಸೌಖ್ಯವಿದೆಯೆಂಬುದನ್ನು ಮಾಡಿ ನೋಡಿದವರೇ ಬಲ್ಲರು. ಬೆರಳ ಗೆಣ್ಣುಗಳು ನೊಂದ ದಿನ ಕೆಲಸವಿಲ್ಲ. ಆದರೆ ಯೌವನದಲ್ಲಿ ಇಲ್ಲದುದೊಂದು ಈಗ ಇದೆ. ಆಗ ನಮ್ಮ ಬೆನ್ನ ಹಿಂದೆ ಸದಾ ಯಾರದೋ ಮದುವೆಯ ಮುಹೂರ್ತವೊಂದು ನಿಂತಿರುತ್ತಿತ್ತು. ಅಷ್ಟರೊಳಗೆ ತೋರಣ ಮುಗಿಯಬೇಕು, ತೆಂಗಿನಕಾಯಿ ಸಿದ್ಧವಾಗಬೇಕು. ಮಣಿಯನ್ನು ನೋಡುವುದಕ್ಕೆ ವ್ಯವಧಾನವೇ ಇರಲಿಲ್ಲ. ಈಗ ನಾನು ಅದನ್ನು ನೋಡುತ್ತೇನೆ.

ಹಾಗೆ ನೋಡತೊಡಗಿದ ಮೇಲೆ ಮೊದಲು ಎದ್ದ ಪ್ರಶ್ನೆ ಅದರ ರಂಧ್ರದ್ದು. ರಂಧ್ರವಿಲ್ಲದ ಮಣಿ ಬರಿಯ ಹರಳು. ಈ ಸಣ್ಣ ತೂತನ್ನು ಕೊರೆದವರು ಯಾರು, ಹೇಗೆ ಎಂದು ಹುಡುಕುತ್ತ ಗ್ರಂಥಾಲಯಕ್ಕೆ ಹೋದವಳಿಗೆ, ಮನುಷ್ಯಕುಲದ ಚರಿತ್ರೆಯೇ ಆ ತೂತಿನೊಳಗಿಂದ ಕಾಣಿಸಿತೆಂದರೆ ಅತ್ಯುಕ್ತಿಯಲ್ಲ. ದಕ್ಷಿಣ ಆಫ್ರಿಕದ ಬ್ಲೋಂಬೋಸ್ ಗುಹೆಯಲ್ಲಿ ತೂತು ಮಾಡಿದ ಪುಟ್ಟ ಚಿಪ್ಪುಗಳು ದೊರೆತಿವೆ. ಅವುಗಳಿಗೆ ಸುಮಾರು 75,000 ವರ್ಷಗಳ ವಯಸ್ಸು. ಬೇಸಾಯವಿಲ್ಲ, ಮಡಕೆಯಿಲ್ಲ, ಬರವಣಿಗೆಯ ಮಾತಂತೂ ದೂರ; ಆಗಲೇ ಮನುಷ್ಯನು ಚಿಪ್ಪನ್ನು ದಾರಕ್ಕೆ ಪೋಣಿಸುತ್ತಿದ್ದನು.

ನಮ್ಮ ದೇಶದ ಮಾತಿಗೆ ಬಂದರೆ, ಗುಜರಾತಿನ ಲೋಥಲಿನಲ್ಲಿ 1955ರಿಂದ ಉತ್ಖನನ ನಡೆಸಿ ಅಲ್ಲಿಯ ಹರಪ್ಪಾ ಕಾಲದ ನಗರವನ್ನೂ, ಅದರೊಳಗಣ ಮಣಿಗಳ ಕಾರ್ಖಾನೆಯನ್ನೂ ಬೆಳಕಿಗೆ ತಂದವರು ನಮ್ಮ ಕನ್ನಡ ನಾಡಿನವರೇ ಆದ ಡಾ. ಶಿಕಾರಿಪುರ ರಂಗನಾಥ ರಾವ್ ಅವರು. ಅಲ್ಲಿಯ ಕುಶಲಕರ್ಮಿಗಳು ಕಾರ್ನೀಲಿಯನ್ ಎಂಬ ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ, ಅದರೊಳಗಣ ಕಬ್ಬಿಣದ ಅಂಶ ಕೆಂಪೇರುವಂತೆ ಮಾಡಿ, ಕೆತ್ತಿ, ಉಜ್ಜಿ, ಕಲ್ಲಿನದೇ ಕೊರೆಕಡ್ಡಿಯಿಂದ ತೂತು ಕೊರೆಯುತ್ತಿದ್ದರು. ಸಿಂಧೂ ಕಣಿವೆಯ ಕೆಲವು ಮಣಿಗಳ ಉದ್ದ 10 ಸೆಂ.ಮೀ. ಮೀರಿದೆ. ಪುರಾತತ್ತ್ವಜ್ಞ ಜೊನಾಥನ್ ಮಾರ್ಕ್ ಕೆನೋಯರ್ ಅಂಥದೇ ಕೊರೆಕಡ್ಡಿಯಿಂದ ಪ್ರಯೋಗ ಮಾಡಿ ನೋಡಿದಾಗ, ಗಂಟೆಯೊಂದಕ್ಕೆ ಸುಮಾರು 2.5 ಮಿ.ಮೀ. ಮಾತ್ರ ಒಳಗಿಳಿಯಿತಂತೆ. ಆ ಲೆಕ್ಕದಲ್ಲಿ 10 ಸೆಂ.ಮೀ. ಉದ್ದದ ಒಂದು ಮಣಿಗೆ, ತೂತಿಗಾಗಿಯೇ 40 ಗಂಟೆಗಳ ಕೆಲಸ. ಅದೂ ಎರಡು ಕಡೆಯಿಂದ ಕೊರೆದು, ನಡುವೆ ಒಂದಕ್ಕೊಂದು ತಪ್ಪದೆ ಸಂಧಿಸಬೇಕು. ಇಂಥ ಮಣಿಗಳು ಸಮುದ್ರ ದಾಟಿ, ಈಗಿನ ಇರಾಕಿನಲ್ಲಿರುವ ಊರ್ ನಗರದ ರಾಜಸಮಾಧಿಗಳನ್ನು ಸೇರಿ, ಸುಮಾರು 4,500 ವರ್ಷಗಳ ಕಾಲ ಅಲ್ಲಿ ಮಲಗಿದ್ದುವು. ಆ 40 ಗಂಟೆಗಳ ಕಾಲ ಕೊರೆಕಡ್ಡಿಯನ್ನು ತಿರುಗಿಸಿದವನು ಹೊತ್ತು ಹೋಗುವುದಕ್ಕಾಗಿ ಹಾಗೆ ಮಾಡಿದನೆಂದು ಯಾರಾದರೂ ಹೇಳಿಯಾರೇ!

ಗಾಜಿನ ಮಣಿಯ ಸಂಗತಿ ಬೇರೆ. ಅಲ್ಲಿ ತೂತು ಕೊರೆಯುವುದೇ ಇಲ್ಲ. ಮಣಿಗಿಂತ ಮೊದಲು ತೂತು ಹುಟ್ಟುತ್ತದೆ. ಕರಗಿದ ಗಾಜಿನ ಮುದ್ದೆಯೊಳಗೆ ಟೊಳ್ಳನ್ನು ಮಾಡಿ, ಆ ಮುದ್ದೆಯನ್ನು ಉದ್ದಕ್ಕೆ ಎಳೆದರೆ, ಅದು ಕೂದಲಿನಂತೆ ಸಪುರವಾದರೂ ಒಳಗಣ ಟೊಳ್ಳು ಕೂಡಿಕೊಳ್ಳದೆ ಹಾಗೆಯೇ ಸಾಗುವುದು. ಆ ಕೊಳವೆಯನ್ನು ತುಂಡು ತುಂಡಾಗಿ ಕತ್ತರಿಸಿ, ತೂತು ಮುಚ್ಚದಂತೆ ಬೂದಿ ತುಂಬಿ, ಮತ್ತೆ ಕಾಯಿಸಿ ಅಂಚುಗಳನ್ನು ದುಂಡಗೆ ಮಾಡಿದರೆ ಮಣಿ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ, 1945ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಆ ಪ್ರಾಚೀನ ರೇವುಪಟ್ಟಣದಲ್ಲಿ, ಇಂಥ ಎಳೆದ ಗಾಜಿನ ಮಣಿಗಳು ವಿಪುಲವಾಗಿ ತಯಾರಾಗುತ್ತಿದ್ದುವು. ಈ ಬಗೆಯವು ಹಡಗು ಹತ್ತಿ ಆಗ್ನೇಯ ಏಷ್ಯದವರೆಗೂ ಹೋದವು. ಆಂಧ್ರದ ತಿರುಪತಿಯ ಸೀಮೆಯ ಪಾಪಾನಾಯುಡುಪೇಟೆಯಲ್ಲಿ ಅದೇ ಪರಂಪರೆಯ ಕುಲುಮೆಗಳು ನಮ್ಮ ಕಾಲದವರೆಗೂ ಉರಿದಿವೆ. ಬೆಂಕಿಯ ಭಯದಿಂದ ವೆನಿಸ್ ಗಣರಾಜ್ಯವು 1291ರಲ್ಲಿ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಮುರಾನೋ ದ್ವೀಪಕ್ಕೆ ಸಾಗಿಸಿದುದು, ಬೊಹೀಮಿಯದ ಯಾಬ್ಲೊನೆಟ್ಸ್ ಪಟ್ಟಣ ಮಣಿಗಳ ಪೇಟೆಯಾಗಿ ಬೆಳೆದುದು, ಆಫ್ರಿಕದ ವ್ಯಾಪಾರದ ದಾರಿಯಲ್ಲಿ ವೆನಿಸಿನ ಮಣಿಗಳು ಸೌರಾಷ್ಟ್ರವನ್ನು ಸೇರಿ ಅಲ್ಲಿಯ ಹೆಂಗಸರ ಕೈಯಲ್ಲಿ ಮೋತಿಭರತವೆಂಬ ಹೆಣಿಗೆಯಾದುದು: ಇವೆಲ್ಲ ಒಂದೊಂದೂ ಒಂದೊಂದು ಭಾಷಣಕ್ಕೆ ಸಾಲುವ ವಿಷಯಗಳು. ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಳ್ಳುವಾಗ ಈಗ ನಾನು ಒಂದೊಂದು ಬಣ್ಣದ ಊರನ್ನೂ ಕೇಳುತ್ತೇನೆ. ಇದು ಉತ್ತರಪ್ರದೇಶದ ಪುರ್ದಿಲ್‌ನಗರದ್ದು, ಇದು ಕಾಶಿಯದು, ಇದು ಜಪಾನಿನದು ಎಂದು ಅಂಗಡಿಯವರು ಆಸಕ್ತಿಯಿಂದಲೇ ಹೇಳುವರು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಬೀಸಣಿಗೆಯ ಕುಚ್ಚಿಗೆಂದು ಅಜ್ಜಿ ಪುಟ್ಟದೊಂದು ಚೆಂಡನ್ನು ಹೆಣೆಯಲು ಕಲಿಸಿದ್ದರು. ನಾಲ್ಕು ಮಣಿಯ ಕಣ್ಣಿನ ಬದಲು ಐದು ಮಣಿಯ ಕಣ್ಣು. ಅಂಥ 12 ಕಣ್ಣುಗಳು ಕೂಡಿದಾಗ, ಹೆಣಿಗೆ ತಾನಾಗಿಯೇ ಬಾಗುತ್ತ ಬಂದು, 30 ಮಣಿಗೆ ಸರಿಯಾಗಿ ಚೆಂಡು ಮುಚ್ಚಿಕೊಳ್ಳುತ್ತಿತ್ತು. 29ಕ್ಕೆ ಮುಚ್ಚದು, 31ನೆಯದಕ್ಕೆ ಎಡೆಯಿಲ್ಲ. ಯಾಕೆ ಎಂದು ಕೇಳಿದರೆ, “ಅದರ ಲೆಕ್ಕ ಅಷ್ಟು” ಎನ್ನುತ್ತಿದ್ದರು. ಗಣಿತಜ್ಞರು ದ್ವಾದಶಮುಖಿಯೆಂದು ಕರೆಯುವ ಘನಾಕೃತಿಗೆ 12 ಪಂಚಭುಜ ಮುಖಗಳು, 30 ಅಂಚುಗಳು. ಅಜ್ಜಿಯ ಪ್ರತಿಯೊಂದು ಮಣಿಯೂ ಆ ಆಕೃತಿಯ ಒಂದೊಂದು ಅಂಚು. ಆರು ಮಣಿಯ ಕಣ್ಣುಗಳನ್ನಷ್ಟೇ ಹೆಣೆಯುತ್ತ ಹೋದರೆ ಹಾಸು ಸಮತಟ್ಟಾಗಿ ಬೆಳೆಯುವುದು, ಐದರದು ಬಟ್ಟಲಾಗುವುದು, ಏಳರದು ಅಂಚಿನಲ್ಲಿ ಅಲೆಯಲೆಯಾಗಿ ಏಳುವುದು. ಐದರ 12 ಕಣ್ಣುಗಳ ನಡುವೆ ಆರರ 20 ಕಣ್ಣುಗಳನ್ನು ಕ್ರಮವಾಗಿ ಸೇರಿಸಿದರೆ 90 ಮಣಿಗಳ ದೊಡ್ಡ ಚೆಂಡಾಗುವುದು. 1985ರಲ್ಲಿ ಪತ್ತೆಯಾಗಿ, ಅದನ್ನು ಕಂಡುಹಿಡಿದ ಕ್ರೋಟೋ, ಕರ್ಲ್, ಸ್ಮಾಲಿ ಎಂಬ ಮೂವರಿಗೆ 1996ರ ನೊಬೆಲ್ ಬಹುಮಾನ ತಂದಿತ್ತ, 60 ಪರಮಾಣುಗಳ ಇಂಗಾಲದ ಅಣುವಿನ ಆಕಾರ ಇದೇ. ತೈವಾನಿನ ರಸಾಯನಶಾಸ್ತ್ರಜ್ಞರೊಬ್ಬರು ಇಂಥ ಅಣುಗಳ ಮಾದರಿಗಳನ್ನು ಮಣಿಯಿಂದಲೇ ಹೆಣೆದು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆಂದು ಓದಿ, ಆ ರಾತ್ರಿ ಸಂತೋಷದಿಂದ ನನಗೆ ನಿದ್ದೆ ಬರಲಿಲ್ಲ. ಅಕ್ಷರ ಬಾರದ ಅಜ್ಜಿಯ ಬೆರಳುಗಳು ಹಿಡಿದಿದ್ದ ಲೆಕ್ಕವು ವಿಶ್ವವಿದ್ಯಾನಿಲಯಗಳ ಲೆಕ್ಕವೇ ಆಗಿತ್ತು.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರ ಎದೆಯ ಮೇಲೆ, ಸೊಂಟದ ಮೇಲೆ ಕಲ್ಲಿನಲ್ಲಿ ಕೆತ್ತಿದ ಮಣಿಸರಗಳನ್ನು ನೋಡಿದವರು, ಅಲ್ಲಿಯೇ ಕೆಳಗೆ ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳ ಹೆಸರುಗಳನ್ನೂ ಓದಬಹುದು. 1117ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದ ಕಲ್ಲಿನ ಮಣಿಗೆ ಹೆಸರಿದೆ. ನಮ್ಮ ನಡುಮನೆಯ ಗಾಜಿನ ಮಣಿಗೆ ಇಲ್ಲ. ಸಂಡೂರಿನ ಲಂಬಾಣಿ ಹೆಂಗಸರು ಕವಡೆ, ಕನ್ನಡಿ, ಮಣಿಗಳನ್ನು ಕೂಡಿಸಿ ಮಾಡುವ ಕಸೂತಿಗೆ ಈಗ ಮನ್ನಣೆ ದೊರೆತಿದೆಯೆಂಬುದು ಬಹು ಸಂತೋಷದ ವಿಷಯ. ಮನೆಯೊಳಗಿನ ಈ ಹೆಣಿಗೆಯಾದರೋ, ಮಾರಾಟಕ್ಕೆ ಹೋದುದಲ್ಲವಾದ್ದರಿಂದ, ಯಾರ ಲೆಕ್ಕಕ್ಕೂ ಬರಲಿಲ್ಲ. ಅದರ ಮಾದರಿಗಳೆಲ್ಲ ಹೆಂಗಸರ ತುಟಿಯ ಮೇಲೆ ಉಳಿದು, ದಾರ ಕೊಳೆತಾಗ ಒಂದೊಂದಾಗಿ ನೆಲಕ್ಕೆ ಚೆಲ್ಲಿಹೋಗುತ್ತಿವೆ. ಇಂದು ಅರುವತ್ತು ಎಪ್ಪತ್ತು ದಾಟಿದ ಹೆಂಗಸರಿಗೆ ಮಾತ್ರ ಆ ಎಣಿಕೆಗಳು ತಿಳಿದಿವೆ. ಅವರಲ್ಲೊಬ್ಬರು ಸೂಜಿ ಹಿಡಿದು ಕುಳಿತಾಗ ನಡೆಯುತ್ತಿರುವುದು ಕಾಲಹರಣವಲ್ಲ, ಬೇರಾರೂ ಮಾಡಲಾಗದ ಕೆಲಸ. ಆ ಎಣಿಕೆಯ ಪ್ರತಿ ಮತ್ತೆಲ್ಲಿಯೂ ಇಲ್ಲ.

ಆದುದರಿಂದ, ನನ್ನ ವಯಸ್ಸಿನ ಸೋದರಿಯರಲ್ಲಿ ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ, ನನ್ನ ಬಿನ್ನಹವಿಷ್ಟು. ಹಳೆಯ ತೋರಣವನ್ನು ಬಿಚ್ಚುವ ಮೊದಲು ಅದರ ಮುಂಬದಿ ಹಿಂಬದಿಗಳೆರಡರ ಚಿತ್ರವನ್ನೂ ತೆಗೆಸಿರಿ. ಮಕ್ಕಳ ಲೆಕ್ಕದ ಪುಸ್ತಕದ ಚೌಕದ ಕಾಗದವನ್ನು ತೆಗೆದುಕೊಂಡು, ಒಂದು ಸಾಲಿಗೆ ಎಷ್ಟು ಕಣ್ಣು, ಎಲ್ಲಿ ಮೊದಲು, ಯಾವ ತುದಿಯಲ್ಲಿ ತಿರುವು ಎಂಬುದನ್ನು ಗುರುತಿಸಿ, ಬಣ್ಣದ ಮೊದಲಕ್ಷರದಿಂದ ಮಣಿಗಳನ್ನು ತುಂಬುತ್ತ ಹೋಗಿರಿ. ಬರೆಯುವುದು ಪ್ರಯಾಸವಾದರೆ ಎಣಿಕೆಯನ್ನು ಬಾಯಿಬಿಟ್ಟು ಹೇಳುತ್ತ ಹೆಣೆಯಿರಿ. ಮೊಮ್ಮಕ್ಕಳು ಅದನ್ನು ಮೊಬೈಲ್ ಫೋನಿನಲ್ಲಿ ಹಿಡಿದಿಡಲಿ. ಹತ್ತಿಯ ದಾರಕ್ಕೆ ಬದಲಾಗಿ ನೈಲಾನ್ ದಾರವನ್ನು ಉಪಯೋಗಿಸಿರಿ. ಹಳೆಯ ಮಣಿಗಳಲ್ಲಿ ನಾಲ್ಕನ್ನಾದರೂ ಕಾಗದದ ಜೊತೆಗೆ ಸಣ್ಣ ಲಕೋಟೆಯಲ್ಲಿ ಇಡಿರಿ, ಬಣ್ಣ ಯಾವುದೆಂಬುದಕ್ಕೆ ಅವೇ ಸಾಕ್ಷಿ. ಕಾಗದದ ಮೇಲ್ಭಾಗದಲ್ಲಿ, ಇದನ್ನು ಹೆಣೆದವರು ಇಂಥವರು, ಇಂಥ ಊರಿನವರು, ಇಂಥವರ ಮದುವೆಗೆಂದು ಹೆಣೆದರು ಎಂಬುದನ್ನು, ಅವರ ಪೂರ್ಣ ಹೆಸರಿನೊಡನೆ, ದಪ್ಪ ಅಕ್ಷರಗಳಲ್ಲಿ ಬರೆಯಿರಿ.